ಗೀಸರ್ ಹೊಸದು, ತಂತಿ ಹಳೆಯದು

ಸೊರಬ, ಶಿಕಾರಿಪುರ ಕಡೆಯ ಹಳೆಯ ಮನೆಗಳಲ್ಲಿ ಕರೆಂಟು ಬಂದ ಕಾಲವನ್ನು ಗೋಡೆ ನೋಡಿಯೇ ಹೇಳಬಹುದು. ತೊಲೆಯುದ್ದಕ್ಕೂ ಹೊಡೆದ ಮರದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ಸಾಗುವ ಜೋಡಿ ತಂತಿ, ಮರದ ಬೋರ್ಡಿನ ಮೇಲೆ ಕಪ್ಪು ಉರುಟು ಸ್ವಿಚ್ಚು, ಬಾಗಿಲ ಮೇಲೆ ಪಿಂಗಾಣಿ ಫ್ಯೂಜು ಇದ್ದರೆ ಅದು ಕೆಇಬಿ ಕಾಲದ ವೈರಿಂಗ್. ಬಿಳಿ ಪ್ಲಾಸ್ಟಿಕ್ ಪಟ್ಟಿಯೊಳಗೆ ತಂತಿ ಅಡಗಿದ್ದರೆ ಅದು ನಂತರದ್ದು. ಗೋಡೆಯೊಳಗೇ ಪೈಪು ಹೂತಿದ್ದರೆ ಆರ್‌ಸಿಸಿ ಮನೆ. ಎಷ್ಟೋ ಮನೆಗಳಲ್ಲಿ ಈ ಮೂರೂ ಒಟ್ಟಿಗಿರುತ್ತವೆ: ಜಗುಲಿ ಅಜ್ಜನ ಕಾಲದ್ದು, ಅಡುಗೆಮನೆ ಅಪ್ಪನ ಕಾಲದ್ದು, ಹಿಂದೆ ಕಟ್ಟಿಸಿದ ಬಚ್ಚಲುಮನೆ ಮಗನ ಕಾಲದ್ದು. ಕರ್ನಾಟಕ ವಿದ್ಯುತ್ ಮಂಡಳಿ 1957ರಲ್ಲಿ ಹುಟ್ಟಿ, 1999ರಲ್ಲಿ ಕೆಪಿಟಿಸಿಎಲ್ ಆಗಿ, 2002ರಲ್ಲಿ ವಿತರಣೆಯ ಕೆಲಸ ಬೇರೆಯಾಗಿ ಶಿವಮೊಗ್ಗ ಜಿಲ್ಲೆ ಮೆಸ್ಕಾಂ ಪಾಲಿಗೆ ಬಂತು. ಊರಿನವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಕೆಇಬಿಯೇ. ಮನೆಯೊಳಗಿನ ತಂತಿಯೂ ಹಾಗೆಯೇ ಉಳಿದುಬಿಟ್ಟಿದೆ.

ಬದಲಾದದ್ದು ತಂತಿಯ ತುದಿಗೆ ಸಿಕ್ಕಿಸುವ ಸಾಮಾನು. ಹಳೆಯ ವೈರಿಂಗ್ ಮಾಡಿದವರ ಲೆಕ್ಕದಲ್ಲಿ ಇದ್ದದ್ದು ನಾಲ್ಕಾರು ಬಲ್ಬು, ಒಂದು ರೇಡಿಯೋ, ಅನುಕೂಲಸ್ಥರಾದರೆ ಒಂದು ಫ್ಯಾನು. ಎಲ್ಲ ಸೇರಿ 500 ವ್ಯಾಟ್ ದಾಟುತ್ತಿರಲಿಲ್ಲ. ಬಿಸಿನೀರಿಗೆ ಬಚ್ಚಲ ಹಂಡೆ, ಅದರಡಿಗೆ ಸೌದೆ ಮತ್ತು ಅಡಿಕೆ ಸಿಪ್ಪೆ, ಅಡುಗೆಗೆ ಒಲೆ, ರುಬ್ಬಲು ಒರಳು. ಇಂದು ಅದೇ ಮನೆಯಲ್ಲಿ 2,000 ವ್ಯಾಟಿನ ಗೀಸರ್ ಇದೆ, ಅಷ್ಟೇ ಎಳೆಯುವ ಇಂಡಕ್ಷನ್ ಒಲೆ ಇದೆ, ನೀರು ಕಾಯಿಸಿಕೊಂಡು ಒಗೆಯುವ ವಾಷಿಂಗ್ ಮಷಿನ್ ಇದೆ, ಬಾವಿಗೆ ಒಂದು ಎಚ್‌ಪಿ ಮೋಟಾರ್ ಇದೆ. ಕೊಯ್ಲು ಬಂತೆಂದರೆ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರವೂ ಸದ್ದು ಮಾಡುತ್ತದೆ.

ಈ ಎರಡು ತಾಲ್ಲೂಕುಗಳಿಗೆ ಕರೆಂಟಿನ ಮಾತು ಹೊಸದಲ್ಲ. ಸೊರಬದ ಪಕ್ಕದ ಸಾಗರ ತಾಲ್ಲೂಕಿನಲ್ಲೇ 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಇಬ್ಬರೂ ಮುಖ್ಯಮಂತ್ರಿಗಳಾದರು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಎಂಬ ಮಾತು ಇಬ್ಬರ ಸರ್ಕಾರಗಳ ಜೊತೆಗೂ ಸೇರಿಕೊಂಡಿದೆ. ಒಂದು ದೀಪಕ್ಕೆಂದು ಕೊಟ್ಟ ಭಾಗ್ಯಜ್ಯೋತಿಯಿಂದ ಹಿಡಿದು 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯವರೆಗೆ ಯೂನಿಟ್ಟಿಗೆ ಎಷ್ಟು, ಎಷ್ಟು ಯೂನಿಟ್ ಉಚಿತ, ದಿನಕ್ಕೆ ಎಷ್ಟು ತಾಸು ಎಂಬ ಚರ್ಚೆ ಪ್ರತಿ ಚಹಾ ಅಂಗಡಿಯಲ್ಲೂ ನಡೆದಿದೆ. ಮೀಟರ್ ದಾಟಿದ ಮೇಲೆ ಮನೆಯೊಳಗೆ ಕರೆಂಟು ಯಾವ ತಂತಿಯಲ್ಲಿ ಹರಿಯುತ್ತದೆ ಎಂಬುದು ಮಾತ್ರ ಯಾರ ಭಾಷಣಕ್ಕೂ ಬರಲಿಲ್ಲ. ಅಪಾಯ ಕೂತಿರುವುದು ಅಲ್ಲೇ.

ಲೆಕ್ಕ ಕಷ್ಟದ್ದಲ್ಲ. ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2,000 ವ್ಯಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್, ಮೂರು ಲೀಟರಿನ ದಿಢೀರ್ ಗೀಸರ್ ಸಾಮಾನ್ಯವಾಗಿ 3,000 ವ್ಯಾಟಿನದು, ಅಂದರೆ 13 ಆಂಪಿಯರ್. ಗಾತ್ರದಲ್ಲಿ ಚಿಕ್ಕದು, ಎಳೆತದಲ್ಲಿ ದೊಡ್ಡದು. ಕೊಳ್ಳುವವರು ಎಡವುವುದು ಇಲ್ಲೇ. ಬಚ್ಚಲುಮನೆ ಬೋರ್ಡಿನಿಂದ 20 ಮೀಟರ್ ದೂರ ಇದೆ, ಅಲ್ಲಿಯವರೆಗೆ ಲೈಟಿಗೆಂದು ಎಳೆದ ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಇದೆ ಎಂದುಕೊಳ್ಳೋಣ. ಹೋಗಿ ಬರುವ ದಾರಿ 40 ಮೀಟರ್, ಅದರ ರೋಧ ಸುಮಾರು 0.78 ಓಮ್. 13 ಆಂಪಿಯರ್ ಹರಿದಾಗ ಆ ತಂತಿಯೊಂದರಲ್ಲೇ 130 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಅದು ಹುಟ್ಟುವುದು ಗೋಡೆಯ ಪೈಪಿನೊಳಗೆ, ಗಾಳಿಯಾಡದ ಕಡೆ. ಅದೇ ದಾರಿಗೆ 4 ಚದರ ಮಿಲಿಮೀಟರಿನ ತಂತಿ ಎಳೆದರೆ ಶಾಖ ಮೂವತ್ತಮೂರು ವ್ಯಾಟಿಗೆ ಇಳಿಯುತ್ತದೆ. ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು, ಲೈಟಿನ ತಂತಿಗೆ ಗೀಸರ್ ಜೋಡಿಸುವ ಧೈರ್ಯ ಯಾರಿಗೂ ಬರಲಾರದು.

ಪಿವಿಸಿ ಹೊದಿಕೆಯ ಸಾಮಾನ್ಯ ತಂತಿ ತಾಳುವುದು 70 ಡಿಗ್ರಿ ಸೆಲ್ಸಿಯಸ್ ಶಾಖವನ್ನು. ಅದನ್ನು ಮೀರಿದ ದಿನವೇ ಬೆಂಕಿ ಹೊತ್ತಿಕೊಳ್ಳುವುದಿಲ್ಲ. ಹೊದಿಕೆ ಮೆತ್ತಗಾಗುತ್ತದೆ, ಆರಿ ಗಟ್ಟಿಯಾಗುತ್ತದೆ, ವರ್ಷಗಳ ಮೇಲೆ ಬಿರುಕು ಬಿಡುತ್ತದೆ. ಮಲೆನಾಡಿನ ಮನೆಯ ಅಟ್ಟದಲ್ಲಿ ಈ ಬಿರುಕಿಗೆ ಇಲಿಯ ಹಲ್ಲೂ ಸೇರುತ್ತದೆ. ಅದೇ ಅಟ್ಟದಲ್ಲಿ ಅಡಿಕೆ ಮೂಟೆ, ಹಳೆಯ ಗೋಣಿ, ಸೋಗೆ, ಒಣಗಿದ ಜಂತಿ. ಮರದ ಪಟ್ಟಿಯ ಮೇಲಿನ ಹಳೆಯ ತಂತಿಯಲ್ಲಿ ಎರಡು ಬಲ್ಬು ಉರಿಯುತ್ತಿದ್ದಷ್ಟು ಕಾಲ ಇವೆಲ್ಲ ಒಂದೇ ಅಟ್ಟದಲ್ಲಿ ಹೊಂದಿಕೊಂಡಿದ್ದವು. ಆ ತಂತಿಯನ್ನೇ ಕವಲೊಡೆಸಿ ಇಸ್ತ್ರಿಪೆಟ್ಟಿಗೆಗೆ, ಹೀಟರ್ ಕಾಯಿಲ್‌ಗೆ ಪ್ಲಗ್ಗು ಕೊಟ್ಟ ಮೇಲೆ ಹಾಗಿಲ್ಲ.

ಇಲ್ಲಿ ಎಂಸಿಬಿಯ ಪಾತ್ರ ಬರುತ್ತದೆ, ಜೊತೆಗೆ ಅದರ ಬಗೆಗಿನ ದೊಡ್ಡ ತಪ್ಪು ತಿಳಿವಳಿಕೆಯೂ. ಎಂಸಿಬಿ ಇರುವುದು ಗೀಸರನ್ನು ಕಾಯಲು ಎಂದು ಬಹಳ ಜನ ನಂಬಿದ್ದಾರೆ. ಮನುಷ್ಯರನ್ನು ಕಾಯಲು ಎಂದು ಇನ್ನೂ ಕೆಲವರು. ಎರಡೂ ಅಲ್ಲ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಾನೇ ಬಿದ್ದು, ಮತ್ತೆ ಎತ್ತಿಡಬಹುದಾದ ಈ ಚಿಕ್ಕ ಸ್ವಿಚ್ಚು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹ್ಯೂಗೋ ಸ್ಟಾಟ್ಜ್ ಕಾರ್ಖಾನೆಯಿಂದ 1924ರಲ್ಲಿ ಬಂತು. ನೂರು ವರ್ಷ ಕಳೆದರೂ ಒಳಗಿನ ಏರ್ಪಾಟು ಹೆಚ್ಚುಕಡಿಮೆ ಅದೇ. ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಹೆಚ್ಚಿನ ಕರೆಂಟಿಗೆ ನಿಧಾನವಾಗಿ ಕಾದು ಬಾಗಿ ಕೊಂಡಿ ತಪ್ಪಿಸುತ್ತದೆ. ಶಾರ್ಟ್ ಆದಾಗ ಒಮ್ಮೆಲೇ ನುಗ್ಗುವ ಕರೆಂಟಿಗೆ ಸುರುಳಿಯೊಂದು ಆಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಬಿಡಿಸುತ್ತದೆ.

ನಿಧಾನ ಎಂದರೆ ಎಷ್ಟು ನಿಧಾನ ಎಂಬುದನ್ನು ತಿಳಿದವರು ಕಡಿಮೆ. ಮನೆಬಳಕೆಯ ಎಂಸಿಬಿಯ ಮಾನಕದ ಪ್ರಕಾರ 16 ಆಂಪಿಯರಿನ ಸ್ವಿಚ್ಚು 18 ಆಂಪಿಯರಿಗೆ ಒಂದು ಗಂಟೆಯವರೆಗೆ ಬೀಳಬಾರದು; 23.2 ಆಂಪಿಯರಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಡುಗೆಮನೆಯ ಒಂದೇ ಲೈನಿನಲ್ಲಿ ಇಂಡಕ್ಷನ್ ಒಲೆ, 1,500 ವ್ಯಾಟಿನ ನೀರು ಕಾಯಿಸುವ ಕೆಟಲ್, 750 ವ್ಯಾಟಿನ ಮಿಕ್ಸಿ ಮೂರೂ ಓಡಿದರೆ ಎಳೆತ 18.5 ಆಂಪಿಯರ್. ಒಂದು ದಿನ ಏನೂ ಆಗುವುದಿಲ್ಲ. ನೆಂಟರು ಬಂದ ದಿನ ಅಡುಗೆ ಮುಗಿಯುವುದರೊಳಗೆ ಎಂಸಿಬಿ ಬೀಳುತ್ತದೆ. ಆಗ ಹೊರಡುವ ತೀರ್ಪು ಎಲ್ಲ ಕಡೆ ಒಂದೇ: "ಎಂಸಿಬಿ ವೀಕ್ ಆಗಿದೆ, ದೊಡ್ಡದು ಹಾಕಿ."

ಹಾಕುತ್ತಾರೆ. 16 ತೆಗೆದು 32 ಹಾಕುವುದಕ್ಕೆ ಹತ್ತು ನಿಮಿಷ ಸಾಕು, ಮನೆಯವರಿಗೂ ನೆಮ್ಮದಿ, ಮತ್ತೆಂದೂ ಬೀಳುವುದಿಲ್ಲ. ಗೋಡೆಯೊಳಗೆ ಮಾತ್ರ ಅದೇ ಒಂದೂವರೆ ಅಥವಾ ಎರಡೂವರೆ ಚದರ ಮಿಲಿಮೀಟರಿನ ತಂತಿ ಇದೆ, ಅದರ ಮೇಲೆ 46 ಆಂಪಿಯರ್ ಹರಿದರೂ ಹೊಸ ಸ್ವಿಚ್ಚು ಗಂಟೆಯ ಹತ್ತಿರದವರೆಗೆ ಸುಮ್ಮನಿರಬಲ್ಲದು. ಮನೆಯ ವೈರಿಂಗಿನಲ್ಲಿ ಇದಕ್ಕಿಂತ ಅಪಾಯದ ರಿಪೇರಿ ಇನ್ನೊಂದಿಲ್ಲ. ಪಿಂಗಾಣಿ ಫ್ಯೂಜಿಗೆ ಅಂಗಡಿಯ ಫ್ಯೂಜ್ ವೈರಿನ ಬದಲು ಹಳೆಯ ಕೇಬಲ್ಲಿನ ಎಳೆಗಳನ್ನು ಹೊಸೆದು ಕಟ್ಟುತ್ತಿದ್ದ ಅಭ್ಯಾಸದ ಮುಂದುವರಿಕೆ ಇದು. ಬೀಳುವ ಎಂಸಿಬಿ ತಂತಿಗೆ ಹೊರೆ ಹೆಚ್ಚಾಗಿದೆ ಎಂದು ತಿಳಿಸುತ್ತಿರುತ್ತದೆ. ಪರಿಹಾರ ಎರಡೇ: ಸಾಮಾನು ಬೇರೆ ಲೈನಿಗೆ ಹೋಗಬೇಕು, ಇಲ್ಲವೇ ತಂತಿ ದಪ್ಪವಾಗಬೇಕು.

ರೂಢಿಯ ಅಳತೆ ನುರಿತ ಕೆಲಸಗಾರರಿಗೆಲ್ಲ ಗೊತ್ತಿರುವಂಥದ್ದೇ. ಲೈಟು ಫ್ಯಾನಿನ ಲೈನಿಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಮತ್ತು 6 ಅಥವಾ 10 ಆಂಪಿಯರಿನ ಎಂಸಿಬಿ. ಪವರ್ ಪ್ಲಗ್ಗಿಗೆ ಎರಡೂವರೆ ಮತ್ತು 16. ಗೀಸರ್, ಎಸಿಗೆ 4ರ ತಂತಿಯನ್ನು ಬೋರ್ಡಿನಿಂದ ಬೇರೆಯಾಗಿಯೇ ಎಳೆದು 16 ಅಥವಾ 20. ಒಂದು ಲೈನು, ಒಂದು ದೊಡ್ಡ ಸಾಮಾನು. ಎಂಸಿಬಿಯ ಮೇಲೆ ಬರೆದಿರುವ ಅಕ್ಷರಕ್ಕೂ ಅರ್ಥವಿದೆ: ಬಿ ಮಾದರಿ ತನ್ನ ಅಳತೆಯ 3ರಿಂದ 5 ಪಟ್ಟು ಕರೆಂಟಿಗೆ ಥಟ್ಟನೆ ಬೀಳುತ್ತದೆ, ಸಿ ಮಾದರಿ 5ರಿಂದ 10 ಪಟ್ಟಿಗೆ. ಬರೀ ಕಾಯಿಲ್ ಕಾಯುವ ಗೀಸರಿಗೆ ಬಿ ಸಾಕು. ಹೊರಡುವ ಗಳಿಗೆಯಲ್ಲಿ ಆರೇಳು ಪಟ್ಟು ಎಳೆಯುವ ಮೋಟಾರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಸಿ ಬೇಕು.

ತಂತಿಗಿಂತ ಮೊದಲು ಸುಡುವುದು ಸಾಮಾನ್ಯವಾಗಿ ಪ್ಲಗ್ಗು. ನಮ್ಮ ಉರುಟು ಪಿನ್ನುಗಳು ಬ್ರಿಟಿಷರ 5 ಮತ್ತು 15 ಆಂಪಿಯರಿನ ಪ್ಲಗ್ಗಿನ ವಂಶದವು, ಈಗಿನ ಭಾರತೀಯ ಮಾನಕದಲ್ಲಿ 6 ಮತ್ತು 16. ಬ್ರಿಟನ್ ಮುಂದೆ ಪ್ಲಗ್ಗಿನೊಳಗೇ 13 ಆಂಪಿಯರಿನ ಫ್ಯೂಜು ಇಟ್ಟು ಚೌಕ ಪಿನ್ನಿಗೆ ಬದಲಾಯಿತು. ನಾವು ಹಳೆಯದರಲ್ಲೇ ಉಳಿದೆವು. ದಪ್ಪ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಸಂತೆಯಲ್ಲೂ ಸಿಗುತ್ತದೆ. ಅದರ ಮೂಲಕ 2,000 ವ್ಯಾಟಿನ ಒಲೆ ಓಡಿಸಿದ ಮನೆಗಳಲ್ಲಿ ಸಾಕೆಟ್ಟಿನ ಸುತ್ತ ಕಂದು ಕಲೆ, ಸುಟ್ಟ ವಾಸನೆ ಮಾಮೂಲು. ಸಡಿಲ ಸ್ಕ್ರೂವಿನಿಂದ ಆಗುವ ಈ ಕಾವನ್ನು ಎಂಸಿಬಿ ಗುರುತಿಸಲಾರದು, ಏಕೆಂದರೆ ಅಲ್ಲಿ ಕರೆಂಟು ಹೆಚ್ಚಾಗಿರುವುದಿಲ್ಲ. ಅಮೆರಿಕದಲ್ಲಿ ಇಂಥ ಸಡಿಲ ಜೋಡಣೆಯಲ್ಲಿ ಹಾರುವ ಕಿಡಿಯನ್ನು ಗುರುತಿಸುವ ಬೇರೆಯದೇ ಬ್ರೇಕರ್ ಮನೆಗಳಿಗೆ ಬಂದಿದೆ. ಇಲ್ಲಿ ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿಸುವುದೇ ಉಪಾಯ.

ಮನುಷ್ಯರನ್ನು ಕಾಯುವುದು ಹಾಗಾದರೆ ಯಾವುದು? ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಎರಡೂ ಕೂಡಿ. ಮಲೆನಾಡು, ಅರೆಮಲೆನಾಡಿನಲ್ಲಿ ಈ ಭಾಗವನ್ನು ಸ್ವಲ್ಪ ನಿಂತು ನೋಡಬೇಕು.

ಮನೆಯ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಪೈಪು ಇಳಿಸಿ ಅರ್ಥಿಂಗ್ ಮಾಡಿಸಿದ್ದೇವೆ ಎನ್ನುವ ಮನೆಗಳಲ್ಲೂ ಎಷ್ಟೋ ಕಡೆ ಅದು ಕೆಲಸಕ್ಕೆ ಸಾಲದು. ಜಂಬಿಟ್ಟಿಗೆ ಮಣ್ಣು ಮಳೆಗಾಲದಲ್ಲಿ ತೇವದಿಂದ ಕರೆಂಟನ್ನು ಭೂಮಿಗೆ ಬಿಡುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ ತಡೆಯುತ್ತದೆ. ಗುಂಡಿಯ ದಾರಿಯ ರೋಧ 23 ಓಮ್ ಇದೆ ಎಂದಿಟ್ಟುಕೊಳ್ಳೋಣ. ಗೀಸರಿನ ಕಾಯಿಲ್ ಒಡೆದು ಫೇಸು ಹೊರಮೈಗೆ ತಾಗಿದರೆ ಭೂಮಿಗೆ ಹರಿಯುವುದು 10 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. ಗೀಸರಿನ ಮೈ, ಅದಕ್ಕೆ ಜೋಡಿಸಿದ ಲೋಹದ ನಲ್ಲಿ ಎರಡೂ ಕರೆಂಟು ಹೊತ್ತು ಕುಳಿತಿರುತ್ತವೆ. ಸ್ನಾನಕ್ಕೆ ಹೋದವರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅದೇ ನಲ್ಲಿ ಹಿಡಿಯುತ್ತಾರೆ.

ಆರ್‌ಸಿಸಿಬಿ ನೋಡುವುದು ಬೇರೆಯದನ್ನು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳಿತೇ ಎಂದಷ್ಟೇ ಅದು ತೂಗುತ್ತದೆ. 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಬೇರೆ ದಾರಿ ಹಿಡಿದರೆ ಸೆಕೆಂಡಿನ ಮೂರನೇ ಒಂದು ಭಾಗ ಕಳೆಯುವ ಮೊದಲೇ ಬೀಳುತ್ತದೆ, ಸೋರಿಕೆ ಇನ್ನೂ ದೊಡ್ಡದಾದರೆ ಮತ್ತೂ ಬೇಗ. ಹೃದಯದ ಬಡಿತ ದಿಕ್ಕೆಡುವ ಮೊದಲು ಕರೆಂಟು ಕಡಿಯಬೇಕೆಂಬ ಲೆಕ್ಕದಿಂದ ಆ 30 ಬಂದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಗೃಹಬಳಕೆಗೆ ಇದೇ ಮಿತಿಯನ್ನು ಹೇಳುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಲ್ಲಿ ವಿದ್ಯುತ್ ಆಘಾತದಿಂದ ದೇಶದಲ್ಲಿ ಸತ್ತವರು 12 ಸಾವಿರಕ್ಕೂ ಹೆಚ್ಚು. ಮನೆ, ಹೊಲ, ಕಾರ್ಖಾನೆ ಎಲ್ಲ ಸೇರಿದ ಲೆಕ್ಕ ಅದು. ಹೀಗಿರುವಾಗ ಹೊಸ ಮನೆಗೆ ಗ್ರಾನೈಟ್ ಹಾಸುವವರೂ ಆರ್‌ಸಿಸಿಬಿಯನ್ನು ದುಬಾರಿ ಎಂದು ಕೈಬಿಡುವುದು ಸಂಕಟದ ಸಂಗತಿ.

ಹಾಕಿಸಿದವರಿಗೂ ತೊಂದರೆ ಇಲ್ಲದಿಲ್ಲ. ಜೂನ್ ಜುಲೈಯಲ್ಲಿ ಮಣ್ಣಿನ ಗೋಡೆ ನೀರು ಕುಡಿದಾಗ, ಹೊರಗಿನ ಲೈಟಿನ ಹೋಲ್ಡರಿಗೆ ಹನಿ ಇಳಿದಾಗ ಆರ್‌ಸಿಸಿಬಿ ನಿಲ್ಲುವುದೇ ಇಲ್ಲ. ರಾತ್ರಿ ಇಡೀ ಮನೆ ಕತ್ತಲಾಗುತ್ತದೆ, ಬೆಳಗ್ಗೆ ಯಾರನ್ನೋ ಕರೆದು ಅದನ್ನು ತಪ್ಪಿಸಿ ನೇರ ಕೊಡಿಸುತ್ತಾರೆ. ಇನ್ನೊಂದು ಕಾರಣ ಇನ್ವರ್ಟರ್. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಈ ಸೀಮೆಯಲ್ಲಿ ಇನ್ವರ್ಟರ್ ಇಲ್ಲದೆ ಆಗುವುದಿಲ್ಲ. ಅದರ ಲೈನಿನ ನ್ಯೂಟ್ರಲ್ಲನ್ನು ಮೇನ್ ನ್ಯೂಟ್ರಲ್ಲಿಗೆ ಎಲ್ಲೋ ನಡುವೆ ಕಟ್ಟಿಬಿಟ್ಟರೆ ಹೋದ ಕರೆಂಟಿಗೂ ಬಂದ ಕರೆಂಟಿಗೂ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಇದು ಉಪಕರಣದ ದೋಷವಲ್ಲ, ಜೋಡಣೆಯದು. ನ್ಯೂಟ್ರಲ್ಲುಗಳನ್ನು ಬೇರ್ಪಡಿಸಿ, ಬಚ್ಚಲು ಮತ್ತು ಹೊರಗಿನ ಲೈನಿಗೆ ಒಂದು ಆರ್‌ಸಿಸಿಬಿ, ಒಳಗಿನದಕ್ಕೆ ಇನ್ನೊಂದು ಎಂದು ಹಂಚಿದರೆ ಮನೆಯೆಲ್ಲ ಕತ್ತಲಾಗುವುದು ತಪ್ಪುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವ ಅಭ್ಯಾಸವೂ ಬೇಕು.

ಹೀಟರ್ ಕಾಯಿಲ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗೀಸರಿಗೆ ದುಡ್ಡಿಲ್ಲದ ಮನೆಗಳಲ್ಲಿ, ಬಾಡಿಗೆ ಕೋಣೆಯ ವಿದ್ಯಾರ್ಥಿಗಳಲ್ಲಿ ಬಕೆಟ್ಟಿಗೆ ಇಳಿಬಿಡುವ ಈ ಸಲಾಕೆಯೇ ಗತಿ. 1,000ದಿಂದ 1,500 ವ್ಯಾಟ್, ಬಹುಮಟ್ಟಿಗೆ ಎರಡು ಪಿನ್ನಿನ ಸಾಕೆಟ್ಟಿಗೋ ಎಕ್ಸ್‌ಟೆನ್ಷನ್ ಬಾಕ್ಸಿಗೋ ಸಿಕ್ಕಿಸಿದ್ದು. ನೀರು ಕಾದಿದೆಯೇ ಎಂದು ಸ್ವಿಚ್ಚು ಆರಿಸದೆ ಬೆರಳು ಅದ್ದಿ ನೋಡುವುದು ಮನೆಮನೆಯ ರೂಢಿ. ಇದಕ್ಕಿಂತ ಹಂಡೆಯ ಒಲೆ ಎಷ್ಟೋ ಮೇಲು. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಕಾಯಿಲ್ ಇರಕೂಡದು.

ಹಳ್ಳಿಯ ಲೈನಿನ ಸ್ವಭಾವವನ್ನೂ ಮರೆಯುವಂತಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗೆ ಸಂಜೆ 180 ವೋಲ್ಟ್ ಬಂದರೆ 2,000 ವ್ಯಾಟಿನ ಗೀಸರ್ ಕೊಡುವುದು 1,225 ವ್ಯಾಟ್ ಅಷ್ಟೇ. ನೀರು ಕಾಯಲು ತಡ, ತಂತಿಗೆ ತೊಂದರೆಯಿಲ್ಲ. ಆದರೆ ಇನ್ವರ್ಟರ್ ಮಾದರಿಯ ಎಸಿ ತನ್ನ ಕೆಲಸ ಬಿಡದೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೋಟಾರೂ ಹೆಚ್ಚು ಎಳೆದು ಕಾಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿಯುವುದು: ಕೆಲವು ಮನೆಗಳಿಗೆ 400ರ ಹತ್ತಿರ ವೋಲ್ಟೇಜ್ ನುಗ್ಗಿ ಟಿವಿ, ಫ್ರಿಜ್ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಎಂಸಿಬಿಯಾಗಲಿ ಆರ್‌ಸಿಸಿಬಿಯಾಗಲಿ ಇದನ್ನು ತಡೆಯಲಾರವು. ವೋಲ್ಟೇಜ್ ಏರಿದರೆ ಕಡಿಯುವ ರಕ್ಷಕ ಬೇರೆಯೇ ಬೇಕು. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಸರ್ಜ್ ರಕ್ಷಕ ಇದ್ದರೂ ಪ್ಲಗ್ಗು ಕಿತ್ತಿಡುವ ಹಿರಿಯರ ಪದ್ಧತಿ ಈಗಲೂ ಸರಿಯೇ.

ಇದನ್ನೆಲ್ಲ ಮಾಡುವವರು ಯಾರು? ಕಾನೂನಿನಂತೆ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದ ಗುತ್ತಿಗೆದಾರರು. ಹೊಸ ಮೀಟರಿಗೆ ಅವರ ಸಹಿಯ ವರದಿ ಬೇಕು. ಮುಂದೆ ಸೇರುವ ಗೀಸರ್, ಒಲೆ, ಮೋಟಾರಿಗೆ ಯಾರ ಸಹಿಯನ್ನೂ ಯಾರೂ ಕೇಳುವುದಿಲ್ಲ. ಒಂದು ಕಿಲೋವ್ಯಾಟಿಗೆ ಮಂಜೂರಾದ ಮನೆಯಲ್ಲಿ ನಾಲ್ಕು ಕಿಲೋವ್ಯಾಟ್ ಓಡುತ್ತಿರುತ್ತದೆ. ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟರೆ ನಿಗದಿತ ಶುಲ್ಕ ಏರುತ್ತದೆಂಬ ಹೆದರಿಕೆ, ಗೃಹಜ್ಯೋತಿಗೆ ತೊಡಕಾದೀತೆಂಬ ಅನುಮಾನ. ಗೃಹಜ್ಯೋತಿಯ ಲೆಕ್ಕ ಶುರುವಿನಲ್ಲಿ ನಿಂತದ್ದು 2022-23ರ ಸರಾಸರಿ ಬಳಕೆ ಮತ್ತು ಅದರ ಶೇ. 10ರ ಮೇಲೆ, 200 ಯೂನಿಟ್ ಮಿತಿಯೊಳಗೆ. ದಿನಕ್ಕೆ ಒಂದು ಗಂಟೆ ಓಡುವ 2 ಕಿಲೋವ್ಯಾಟಿನ ಗೀಸರ್ ತಿಂಗಳಿಗೆ 60 ಯೂನಿಟ್ ತಿನ್ನುತ್ತದೆ. ಗೀಸರ್ ಇಲ್ಲದ ಕಾಲದ ಸರಾಸರಿಗೆ ಅದು ದೊಡ್ಡ ಹೊರೆ. ಮಂಜೂರಾತಿ ಕಡಿಮೆ ಎಂದು ಬರೆದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದೇ ಉಳಿಯುತ್ತದೆ, ವೋಲ್ಟೇಜ್ ಬೀಳುತ್ತದೆ. ಮೆಸ್ಕಾಂ ಗೃಹಬಳಕೆಯ ಲೋಡ್ ಹೆಚ್ಚಳವನ್ನು ಸುಲಭ ಮಾಡಿ, ಅದರ ಜೊತೆಗೇ ಮನೆಯ ವೈರಿಂಗ್ ತಪಾಸಣೆಯನ್ನೂ ಇಟ್ಟರೆ ಎರಡೂ ಕಡೆಗೆ ಲಾಭ.

ಹಳೆಯದನ್ನೆಲ್ಲ ಕಿತ್ತು ಹೊಸ ವೈರಿಂಗ್ ಮಾಡಿಸುವ ಶಕ್ತಿ ಎಲ್ಲರಿಗೂ ಇಲ್ಲ. ಬಂಗಾರಪ್ಪನವರ ಕಾಲದ ಆಶ್ರಯ ಮನೆಗಳಂಥ ಎರಡು ಕೋಣೆಯ ಮನೆಗೆ ಅದರ ಅಗತ್ಯವೂ ಇಲ್ಲ. ಮೀಟರಿನ ಬಳಿ ಎರಡು ಪೋಲಿನ ಮೇನ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಳತೆ ಮಾಡಿಸಿದ ಒಂದು ಅರ್ಥಿಂಗ್, ಅಲ್ಲಿಂದ ಬಚ್ಚಲಿಗೂ ಅಡುಗೆಮನೆಗೂ ಗೋಡೆಯ ಮೇಲೆಯೇ ಪೈಪಿನಲ್ಲಿ ಎಳೆದ ಎರಡು ಹೊಸ ಲೈನು, ಅವುಗಳಿಗೆ ತಕ್ಕ ಎಂಸಿಬಿ. ಇಷ್ಟಾದರೆ ಹಳೆಯ ತಂತಿ ತನ್ನ ಹಳೆಯ ಕೆಲಸವಾದ ಲೈಟಿಗೂ ಫ್ಯಾನಿಗೂ ಮರಳುತ್ತದೆ. ಹೊದಿಕೆ ಬಿರುಕು ಬಿಟ್ಟಿದ್ದರೆ, ಅಲ್ಯೂಮಿನಿಯಂ ತಂತಿಯಾಗಿದ್ದರೆ ಮಾತ್ರ ಅದನ್ನೂ ತೆಗೆಯಬೇಕು. ತಂತಿ, ಎಂಸಿಬಿ, ಪ್ಲಗ್ಗುಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಬೆಲೆ ಅರ್ಧ ಎಂದು ಗುರುತಿಲ್ಲದ ಸುರುಳಿ ಕೊಂಡರೆ ಒಳಗೆ ತಾಮ್ರವೇ ಕಡಿಮೆ ಇರಬಹುದು.

ಮುಂದಿನ ಹೊರೆ ಈಗಾಗಲೇ ಅಂಗಳಕ್ಕೆ ಬಂದು ನಿಂತಿದೆ. ಬ್ಯಾಟರಿ ಸ್ಕೂಟರಿನ ಚಾರ್ಜರ್ ಒಂದು ಕಿಲೋವ್ಯಾಟಿನೊಳಗಿನದು, ಒಳ್ಳೆಯ ಪವರ್ ಪ್ಲಗ್ಗು ತಡೆದುಕೊಳ್ಳುತ್ತದೆ. ಕಾರಿನದು 3.3 ಕಿಲೋವ್ಯಾಟ್, ಗೋಡೆಗೆ ಹಾಕುವ ದೊಡ್ಡ ಚಾರ್ಜರ್ ಆದರೆ 7.2, ಅಂದರೆ 31 ಆಂಪಿಯರ್. ಗೀಸರ್ ಹದಿನೈದು ನಿಮಿಷದಲ್ಲಿ ನೀರು ಕಾಯಿಸಿ ನಿಲ್ಲುತ್ತದೆ, ಕಾರು ರಾತ್ರಿ ಆರೇಳು ತಾಸು ಬಿಡದೆ ಎಳೆಯುತ್ತದೆ, ತಂತಿಗೆ ಆರಲು ಬಿಡುವೇ ಸಿಗುವುದಿಲ್ಲ. ಅದಕ್ಕೆ ಮೀಟರಿನಿಂದಲೇ ಕನಿಷ್ಠ 6 ಚದರ ಮಿಲಿಮೀಟರಿನ ಬೇರೆ ಲೈನು, ಅದರದೇ ಆದ ಸೋರಿಕೆ ರಕ್ಷಕ ಮತ್ತು ಮಂಜೂರಾದ ಲೋಡ್ ಬೇಕು. ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಈಗ ಮನೆ ಕಟ್ಟಿಸುತ್ತಿರುವವರು ಗಾರೆ ಮೆತ್ತುವ ಮೊದಲೇ ಕಾರು ನಿಲ್ಲಿಸುವ ಜಾಗದವರೆಗೆ ಖಾಲಿ ಪೈಪೊಂದನ್ನು ಹೂಳಿಸಿಡುವುದು ಒಳ್ಳೆಯದು.